ಉಮ್ಮತ್ತೂರು ಸೀಮೆಯ ಆಳುಮಕ್ಕಳ ವಂಶವೃತ್ತಾಂತ

ಮೈಸೂರು ದೇಶದ ಚರಿತ್ರೆಯನ್ನು ಬಲ್ಲವರಿಗೆ ಉಮ್ಮತ್ತೂರೆಂಬ ಹೆಸರು ಅಪರಿಚಿತವಾದುದಲ್ಲ. ಇಂದು ಚಾಮರಾಜನಗರ ತಾಲ್ಲೂಕಿನ ಒಂದು ಗ್ರಾಮವಾಗಿರುವ ಈ ಊರು ಹದಿನೈದನೆಯ ಶತಮಾನದ ಅಂತ್ಯದಲ್ಲಿಯೂ ಹದಿನಾರನೆಯ ಶತಮಾನದ ಆದಿಯಲ್ಲಿಯೂ ಒಂದು ಪ್ರಬಲವಾದ ಸಂಸ್ಥಾನದ ರಾಜಧಾನಿಯಾಗಿದ್ದಿತು. ಇಲ್ಲಿನ ಒಡೆಯರು ಪೆನುಗೊಂಡೆಯ ಚಕ್ರೇಶ್ವರರೆಂಬ ಬಿರುದನ್ನು ಧರಿಸಿ ವಿಜಯನಗರದ ಪ್ರಭುತ್ವಕ್ಕೇ ಎದುರಾಗಿ ನಿಂತರು. ೧೫೦೯ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನು ಕೆಲವೇ ವರ್ಷಗಳೊಳಗಾಗಿ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆಯನ್ನು ಹಿಡಿದನು. ಹದಿನೇಳನೆಯ ಶತಮಾನದ ಆದಿಯಲ್ಲಿ ಮೈಸೂರಿನ ರಾಜ ಒಡೆಯರು ಈ ಸೀಮೆಯನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಂಡರು. ಬಿ. ಎಲ್. ರೈಸರು ೧೮೯೮ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳೆಲ್ಲವೂ ಸಂಗ್ರಹಿಸಲ್ಪಟ್ಟಿವೆ. ಅವುಗಳ ನೆರವಿನಿಂದ ಆ ಒಡೆಯರ ವಂಶಾವಳಿಯನ್ನು ತಂದೆ, ಮಗ, ಮೊಮ್ಮಗನೆಂದು ಬಿಡಿಸಿ ಹೇಳುವುದು ವಿದ್ವಾಂಸರಿಗೆ ಸಾಧ್ಯವಾಗಿದೆ.

ಆದರೆ ಆ ಒಡೆಯರ ಹೊಲಗಳನ್ನು ಉತ್ತವರು ಯಾರು? ಅವರ ತರುವಾಯ ಮೂರು ನೂರು ವರ್ಷಗಳ ಮೇಲೆ, ಕೋಟೆಯು ಹಾಳಾಗಿ ಅರಸುತನವು ಕಥೆಯಾದ ಹತ್ತೊಂಬತ್ತನೆಯ ಶತಮಾನದಲ್ಲಿ, ಅದೇ ನೆಲದಲ್ಲಿ ರಾಗಿ ಜೋಳಗಳನ್ನು ಬಿತ್ತಿ ಬೆಳೆದು ಪರರ ಕಣಜವನ್ನು ತುಂಬಿದ ಆಳಿನ ಹೆಸರೇನು? ಅವನ ತಂದೆ ಯಾರು, ತಾತ ಯಾರು? ರಾಜರ ವಂಶವನ್ನು ತಿಳಿಯಲು ಕಲ್ಲುಗಳಿವೆ. ಆಳಿನ ವಂಶವನ್ನು ತಿಳಿಯಲು ಏನಿದೆಯೆಂಬುದೇ ಈ ಲೇಖನದ ವಿಚಾರ. ಆಳುಮಕ್ಕಳೆಂದರೆ ಒಂದೇ ಜಾತಿಯವರಲ್ಲ. ನೆಲವಿಲ್ಲದ ಬಡವರು ಎಲ್ಲ ಕೇರಿಗಳಲ್ಲಿಯೂ ಇದ್ದರು. ಆದರೂ ಅವರಲ್ಲಿ ಅತಿ ಹೆಚ್ಚಿನವರು ಊರ ಹೊರಗಿನ ಕೇರಿಯವರು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಆದಿಕರ್ನಾಟಕರೆಂದು ಕರೆಯಲ್ಪಟ್ಟವರು.

ಸದ್ಗೃಹಸ್ಥರ ಮನೆಗಳಲ್ಲಿ ಪಿತೃಕಾರ್ಯ ಮಾಡುವಾಗ ಪಿತೃ, ಪಿತಾಮಹ, ಪ್ರಪಿತಾಮಹರೆಂದು ಮೂರು ತಲೆಗಳ ಹೆಸರನ್ನು ಗೋತ್ರಸಹಿತವಾಗಿ ಉಚ್ಚರಿಸುವುದು ವಿಧಿಯಾಗಿದೆ. ವರ್ಷಕ್ಕೊಮ್ಮೆಯಾದರೂ ಬಾಯಿಂದ ಹೊರಡುವ ಹೆಸರು ಮರೆತುಹೋಗುವುದಿಲ್ಲ. ಇದಲ್ಲದೆ ಶಾನುಭೋಗರ ಲೆಕ್ಕ, ಮಠದ ನಿರೂಪ, ಇನಾಂ ಸನ್ನದು, ಜಾತಕದ ಓಲೆ ಇವುಗಳೆಲ್ಲವೂ ಇಂಥ ಮನೆಗಳ ಸ್ಮರಣೆಯನ್ನು ಕಾಯುತ್ತವೆ. ಇಂದು ಎಪ್ಪತ್ತು ವರ್ಷ ವಯಸ್ಸಾದವರೊಬ್ಬರ ಪ್ರಪಿತಾಮಹನು ಸುಮಾರಾಗಿ ೧೮೭೦ರ ಆಸುಪಾಸಿನಲ್ಲಿ ಹುಟ್ಟಿದವನು. ಅಂದರೆ ಹತ್ತೊಂಬತ್ತನೆಯ ಶತಮಾನದ ಆಳು ಬಹು ದೂರದ ಮನುಷ್ಯನಲ್ಲ. ತರ್ಪಣದ ನೀರು ಮುಟ್ಟುವಷ್ಟು ಹತ್ತಿರದಲ್ಲಿಯೇ ಇರುವವನು. ಹೀಗಿದ್ದರೂ ಅವನ ಮರಿಮಕ್ಕಳ ಪೈಕಿ ಅನೇಕರಿಗೆ ಅವನ ಹೆಸರು ತಿಳಿಯದು. ಇದು ಅವರ ಅಲಕ್ಷ್ಯದಿಂದ ಆದುದಲ್ಲ. ಬರೆಯುವ ಅಧಿಕಾರವಿದ್ದವರು ಬರೆಯದೆ ಬಿಟ್ಟುದರಿಂದ ಆದುದು.

ಇಂಗ್ಲೆಂಡಿನ ಬೇಸಾಯದ ಕೂಲಿಯವನ ಸಂಗತಿಯನ್ನು ಇದರೊಡನೆ ಹೋಲಿಸಿ ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಆ ದೇಶದಲ್ಲಿ ಒಂದು ಚರ್ಚಿಗೆ ಒಳಪಟ್ಟ ಗ್ರಾಮವ್ಯಾಪ್ತಿಗೆ ಪ್ಯಾರಿಷ್ ಎಂದು ಹೆಸರು. ೧೫೩೮ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಂವೆಲ್ಲನು ಪ್ರತಿಯೊಂದು ಪ್ಯಾರಿಷ್ಷಿನಲ್ಲಿಯೂ ನಾಮಕರಣ, ವಿವಾಹ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದನು. ಪ್ರಭುವಿನ ಮಗನೂ ದನ ಕಾಯುವವನ ಮಗನೂ ಆ ಒಂದೇ ಪುಸ್ತಕದಲ್ಲಿ ಬರೆಯಲ್ಪಟ್ಟರು. ೧೭೫೪ರಿಂದೀಚೆಗೆ ವಧೂವರರು ವಿವಾಹದ ಪುಸ್ತಕದಲ್ಲಿ ರುಜು ಹಾಕಬೇಕಾಯಿತು. ಅಕ್ಷರ ಬಾರದ ಕೂಲಿಯವನು ಅಲ್ಲಿ ಒಂದು ಗುಣಾಕಾರದ ಗುರುತನ್ನು ಹಾಕಿದನು, ಆ ಗುರುತು ಇಂದಿಗೂ ಇದೆ. ೧೮೩೭ರಿಂದ ಸರ್ಕಾರವೇ ಜನನ ಮರಣಗಳನ್ನು ನೋಂದಾಯಿಸತೊಡಗಿತು. ೧೮೪೧ರ ಜನಗಣತಿಯಲ್ಲಿ ಮನೆಮನೆಯ ಜನರ ಹೆಸರು ಬರೆಯಲಾಯಿತು. ೧೮೫೧ರದರಲ್ಲಿ ಹುಟ್ಟಿದ ಊರೂ ಸೇರಿತು. ಬೇಸಾಯದ ಕೂಲಿಯವನೆಂಬುದಕ್ಕೆ ಗಣತಿದಾರರು ‘ಆಗ್ ಲ್ಯಾಬ್’ ಎಂಬ ಎರಡು ತುಂಡು ಮಾತುಗಳನ್ನು ಬಳಸಿದರು. ಆ ಎರಡು ತುಂಡು ಮಾತುಗಳ ಎಳೆಯನ್ನು ಹಿಡಿದು ಇಂದಿನ ಆಂಗ್ಲ ಗೃಹಸ್ಥನು ತನ್ನ ಮುತ್ತಾತನ ಗುಡಿಸಲಿನವರೆಗೆ ನಡೆದುಹೋಗಬಲ್ಲನು.

ಈ ಬರಹಗಳೆಲ್ಲವೂ ಕರುಣೆಯಿಂದ ಹುಟ್ಟಿದವೆಂದು ವಾಚಕರು ಭಾವಿಸಬಾರದು. ೧೬೬೨ರ ಕಾಯಿದೆಯೊಂದರ ಪ್ರಕಾರ, ದರಿದ್ರನಾದವನನ್ನು ಪೋಷಿಸುವ ಹೊಣೆಯು ಅವನು ಯಾವ ಪ್ಯಾರಿಷ್ಷಿಗೆ ಸೇರಿದವನೋ ಅದಕ್ಕೆ ಸೇರಿದ್ದಿತು. ಆದುದರಿಂದ ಪರಸ್ಥಳದ ಕೂಲಿಯವನು ಕಾಯಿಲೆ ಬಿದ್ದರೆ ಅಧಿಕಾರಿಗಳು ಅವನನ್ನು ನಿಲ್ಲಿಸಿ, ಎಲ್ಲಿ ಹುಟ್ಟಿದೆ, ಯಾರಲ್ಲಿ ಎಷ್ಟು ಕಾಲ ಕೆಲಸ ಮಾಡಿದೆ, ನಿನ್ನ ತಂದೆ ಯಾವ ಊರಿನವನು ಎಂದು ಪ್ರಮಾಣ ಮಾಡಿಸಿ ಕೇಳಿ ಬರೆದುಕೊಂಡರು. ಆಮೇಲೆ ಬೇರೆ ಪ್ಯಾರಿಷ್ಷಿಗೆ ಸಾಗಹಾಕಿದರು. ಅವಿವಾಹಿತನಾದ ಆಳು ಒಂದು ಊರಿನಲ್ಲಿ ಪೂರ್ತಿ ಒಂದು ವರ್ಷ ದುಡಿದರೆ ಆ ಊರಿನವನಾಗುತ್ತಿದ್ದನು. ಅದನ್ನು ತಪ್ಪಿಸಲು ಕೆಲವರು ರೈತರು ಐವತ್ತೊಂದು ವಾರಗಳಿಗೆ ಮಾತ್ರ ಅವನನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಅವನನ್ನು ಹೊರಗಟ್ಟುವುದಕ್ಕಾಗಿ ಬರೆದ ಆ ಹೇಳಿಕೆಗಳೇ ಇಂದು ಅವನ ಜೀವನಚರಿತ್ರೆಯಾಗಿ ಉಳಿದಿವೆ.

ಆ ವರ್ಗದವರಲ್ಲಿ ಒಬ್ಬನಾದ ಜೋಸೆಫ್ ಆರ್ಚನು ೧೮೨೬ರಲ್ಲಿ ವಾರ್ವಿಕ್‌ಷೈರ್ ಪ್ರಾಂತದ ಬಾರ್ಫರ್ಡ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಒಂಬತ್ತನೆಯ ವಯಸ್ಸಿಗೆ ಹೊಲದಲ್ಲಿ ಹಕ್ಕಿ ಓಡಿಸುವ ಕೂಲಿಗೆ ಸೇರಿದ ಈತನು ೧೮೭೨ರ ಫೆಬ್ರವರಿಯಲ್ಲಿ ವೆಲ್ಸ್‌ಬರ್ನ್ ಗ್ರಾಮದ ಒಂದು ಮರದಡಿಯಲ್ಲಿ ಕೂಲಿಗಾರರನ್ನುದ್ದೇಶಿಸಿ ಮಾತನಾಡಿ, ಅವರ ಸಂಘವನ್ನು ಕಟ್ಟಿದನು. ವಾರಕ್ಕೆ ಹದಿನಾರು ಷಿಲ್ಲಿಂಗು ಕೂಲಿಯೇ ಅವರ ಬೇಡಿಕೆ. ೧೮೮೫ರಲ್ಲಿ ಪಾರ್ಲಿಮೆಂಟಿನ ಸದಸ್ಯನಾಗಿ, ೧೮೯೮ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿ, ೧೯೧೯ರಲ್ಲಿ ತನ್ನ ಹುಟ್ಟೂರಿನಲ್ಲಿಯೇ ತೀರಿಕೊಂಡನು. ಓದು ಬಲ್ಲ ತಾಯಿ, ಸ್ವಂತದ್ದಾದ ಒಂದು ಗುಡಿಸಲು ಇವೆರಡೇ ಅವನನ್ನು ಇತರರಿಂದ ಬೇರೆಮಾಡಿದ ಸಂಪತ್ತು. ಮನೆಯು ತನ್ನದಾದುದರಿಂದ ಜಮೀನುದಾರನು ಅವನನ್ನು ಬೀದಿಗೆ ಹಾಕುವಂತಿರಲಿಲ್ಲ. ಆಳಿನ ವಂಶಕ್ಕೆ ನೆಲೆಯೂ ಅಕ್ಷರವೂ ದೊರೆತರೆ ಏನಾಗುತ್ತದೆಂಬುದಕ್ಕೆ ಇದೊಂದು ದೃಷ್ಟಾಂತ.

ಆರ್ಚನು ಮರದಡಿಯಲ್ಲಿ ಮಾತನಾಡುವ ಹಿಂದಿನ ವರ್ಷ, ೧೮೭೧ರಲ್ಲಿ, ಮೈಸೂರು ಸೀಮೆಯಲ್ಲಿ ಮೊದಲನೆಯ ಕ್ರಮಬದ್ಧವಾದ ಜನಗಣತಿ ನಡೆಯಿತು. ಉಮ್ಮತ್ತೂರಿನ ಕೇರಿಗೂ ಎಣಿಸುವವರು ಬಂದಿರಲೇಬೇಕು. ಆದರೆ ಆ ಎಣಿಕೆಯಿಂದ ಉಳಿದದ್ದು ಸಂಖ್ಯೆ ಮಾತ್ರ. ಮೊತ್ತವನ್ನು ಕೂಡಿಸಿ ಅಚ್ಚುಹಾಕಿದ ಮೇಲೆ ಮನೆಮನೆಯ ಕಾಗದಗಳನ್ನು ಕಾಪಾಡಲಿಲ್ಲ. ಅದಕ್ಕೂ ಮುಂಚೆ, ಶ್ರೀರಂಗಪಟ್ಟಣವು ಬಿದ್ದ ಮರುವರ್ಷವಾದ ೧೮೦೦ರಲ್ಲಿ, ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನು ಗವರ್ನರ್ ಜನರಲ್ಲನ ಅಪ್ಪಣೆಯಂತೆ ಈ ದೇಶವನ್ನು ಸುತ್ತಿ, ನೆರೆಯ ನಂಜನಗೂಡು, ತಾಯೂರು, ನರಸೀಪುರಗಳ ಮಾರ್ಗವಾಗಿ ಹಾದುಹೋದನು. ಮಣ್ಣಿನ ಗುಣ, ಬಿತ್ತನೆಯ ಕ್ರಮ, ಆಳಿನ ಸಂಬಳ ಎಲ್ಲವನ್ನೂ ಕೇಳಿ ಬರೆದುಕೊಂಡು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಆ ಗ್ರಂಥದ ಉಪಕಾರವು ದೊಡ್ಡದು. ಆದರೂ ಅದರಲ್ಲಿ ಆಳು ಬರುವುದು ಬೇಸಾಯದ ಖರ್ಚಿನ ಒಂದು ಬಾಬಾಗಿಯೇ ಹೊರತು ಒಬ್ಬ ಮನೆತನದವನಾಗಿ ಅಲ್ಲ. ೧೮೬೩ರಲ್ಲಿ ಮೈಸೂರಿನಲ್ಲಿ ಕಂದಾಯದ ಸರ್ವೆಯು ಆರಂಭವಾಗಿ, ಪ್ರತಿ ತುಂಡು ನೆಲಕ್ಕೆ ನಂಬರೂ ಪ್ರತಿ ನಂಬರಿಗೆ ಖಾತೆದಾರನ ಹೆಸರೂ ಬಂದಿತು. ಇಂಗ್ಲೆಂಡಿನಲ್ಲಿ ಅಧಿಕಾರಿಗೆ ಬೇಕಾಗಿದ್ದುದು ‘ಈ ಬಡವನು ಯಾರ ಹೊರೆ?’ ಎಂಬುದು, ಮೈಸೂರಿನಲ್ಲಿ ಬೇಕಾಗಿದ್ದುದು ‘ಈ ನೆಲದ ಕಂದಾಯ ಕೊಡುವವನು ಯಾರು?’ ಎಂಬುದು. ನೆಲವಿಲ್ಲದವನನ್ನು ಬರೆಯಲು ಇಲ್ಲಿ ಯಾರಿಗೂ ಅಗತ್ಯವಿರಲಿಲ್ಲ. ಬಡವನ ಹೆಸರು ದಾಖಲೆಗೆ ಏರುವುದು ಅವನಿಗೆ ಬೇಕಾದಾಗ ಅಲ್ಲ, ಬರೆಯುವವನಿಗೆ ಬೇಕಾದಾಗ.

ಹಾಗಾದರೆ ಉಮ್ಮತ್ತೂರು ಸೀಮೆಯ ಆಳಿನ ಹೆಸರು ಯಾರಿಗೂ ಬೇಕಾಗಲೇ ಇಲ್ಲವೇ? ಒಬ್ಬನಿಗೆ ಬೇಕಾಗಿದ್ದಿತು, ಅವನೇ ಸಾಲ ಕೊಟ್ಟ ಒಡೆಯ. ಕೆಳಗಿನ ಕೇರಿಗಳಲ್ಲಿ ಮದುವೆಗೆ ಗಂಡಿನವರು ಹೆಣ್ಣಿನವರಿಗೆ ತೆರವನ್ನು ಕೊಡಬೇಕಾಗಿತ್ತು. ದಿನಕ್ಕೆ ದುಡಿದು ದಿನಕ್ಕೆ ಉಣ್ಣುವವನಲ್ಲಿ ಆ ಹಣ ಎಲ್ಲಿಂದ ಬರಬೇಕು? ಒಡೆಯನಲ್ಲಿ ಸಾಲ ತೆಗೆದು, ತೀರುವವರೆಗೆ ಜೀತಕ್ಕಿರುವುದಾಗಿ ಒಪ್ಪುತ್ತಿದ್ದನು. ಹೊಟ್ಟೆಗೆ ಹಿಟ್ಟು, ಹೊದೆಯಲು ಕಂಬಳಿ, ಕಾಲಿಗೆ ಎಕ್ಕಡ, ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಧಾನ್ಯ ಇಷ್ಟರಿಂದ ಸಾಲ ತೀರುವುದೆಂತು? ತಂದೆಯು ತೀರಿಕೊಂಡರೆ ಸಾಲವು ತೀರಿಕೊಳ್ಳುತ್ತಿರಲಿಲ್ಲ. ಮಗನು ಅದೇ ನೊಗಕ್ಕೆ ಹೆಗಲು ಕೊಡುತ್ತಿದ್ದನು. ನೆಲವುಳ್ಳವನಿಗೆ ತಂದೆಯಿಂದ ಮಗನಿಗೆ ಖಾತೆ ಬಂದಂತೆ ಆಳಿಗೆ ತಂದೆಯಿಂದ ಮಗನಿಗೆ ಸಾಲ ಬಂದಿತು. ಆದಕಾರಣ ಒಡೆಯನ ಲೆಕ್ಕದಲ್ಲಿ ಇಂಥವನ ಮಗ ಇಂಥವನೆಂದು ಬರೆಯಬೇಕಾಯಿತು. ಆಳಿನ ವಂಶಾವಳಿಗೆ ದೊರೆಯಬಹುದಾದ ಮೊದಲನೆಯ ಲಿಖಿತಪ್ರಮಾಣವು ಇದೇ.

ಆ ಲೆಕ್ಕವನ್ನು ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕಕ್ಕೆ ಕಡತವೆಂದು ಹೆಸರು. ಅದರ ಮೇಲೆ ಬಳಪದಿಂದ ಬರೆಯುವರು. ಕಡತವು ನೂರಾರು ವರ್ಷ ಬಾಳುವ ವಸ್ತುವಾದರೂ ಅದರ ಮೇಲಿನ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಹೀಗೆ ಆಳಿನ ಹೆಸರು ಬರೆಯಲ್ಪಟ್ಟದ್ದೂ ಸಾಲವಿರುವತನಕ. ಸಾಲವು ತೀರಿದಾಗ ಅಥವಾ ವಂಶವು ಮುಗಿದಾಗ ಒರೆಸಿಹೋಗುವ ಹೆಸರು ಅದು.

ಸಾಲದ ಸಂಬಂಧಕ್ಕಿಂತ ಹಳೆಯದಾದ ಇನ್ನೊಂದು ಸಂಬಂಧವೂ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇದ್ದಿತು. ನೆಲವುಳ್ಳ ಒಂದೊಂದು ಮನೆಗೆ ಕೇರಿಯ ಒಂದೊಂದು ಮನೆತನವು ಪರಂಪರೆಯಿಂದ ನಡೆದುಕೊಳ್ಳುತ್ತಿತ್ತು. ಅಂಥವನನ್ನು ‘ಹಳೆಮಗ’ನೆಂದು ಕರೆಯುತ್ತಿದ್ದರು. ಮದುವೆ ಸಾವುಗಳಲ್ಲಿ ಅವನಿಗೆ ಗೊತ್ತಾದ ಕೆಲಸಗಳಿದ್ದವು. ಸುಗ್ಗಿಯಲ್ಲಿ ಹುಲ್ಲು ಧಾನ್ಯಗಳ ಪಾಲಿತ್ತು. ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರು ಜಿಲ್ಲೆಯ ಒಂದು ಗ್ರಾಮದಲ್ಲಿ ನೆಲೆಸಿ ಅಧ್ಯಯನ ಮಾಡಿದಾಗಲೂ ಈ ಪದ್ಧತಿಯು ಉಳಿದಿದ್ದುದನ್ನು ಕಂಡು ವರ್ಣಿಸಿದ್ದಾರೆ. ಮಗನೆಂಬ ಮಾತಿನಲ್ಲಿ ವಾತ್ಸಲ್ಯವೂ ಇರಬಹುದು, ಅಧಿಕಾರವೂ ಇರಬಹುದು. ಆಸ್ತಿಯ ಭಾಗ ಮಾತ್ರ ಇರಲಿಲ್ಲ. ಚರಿತ್ರೆಯನ್ನು ಹುಡುಕುವವರಿಗೆ ಇದರಿಂದ ಒಂದು ದಾರಿಯು ತೋರುತ್ತದೆ. ಆಳಿನ ಮನೆತನಕ್ಕೆ ಕಾಗದವಿಲ್ಲದಿದ್ದರೂ ಅದು ನಡೆದುಕೊಂಡ ಮನೆಗೆ ಕಾಗದವಿದೆ. ಆ ಮನೆಯ ತಲೆಮಾರುಗಳನ್ನು ಬರೆದುಕೊಂಡು, ಇಂಥ ಯಜಮಾನರ ಕಾಲದಲ್ಲಿ ಹಳೆಮಗನಾಗಿದ್ದವನು ಯಾರೆಂದು ಕೇಳುತ್ತ ಹೋದರೆ, ಒಂದರ ಪಕ್ಕದಲ್ಲಿ ಇನ್ನೊಂದು ವಂಶವೂ ನಿಲ್ಲುತ್ತದೆ.

ಇದಕ್ಕಿಂತಲೂ ಆಶ್ಚರ್ಯಕರವಾದುದು ಕುಳವಾಡಿಯ ಸ್ಥಾನ. ಪುರಾತನ ದಾನಶಾಸನಗಳಲ್ಲಿ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳಿ, ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು ಎಣಿಸಿ ಕೊಡುವುದು ವಾಡಿಕೆ. ದಾನ ಕೊಟ್ಟವನ ಹೆಸರು, ಪಡೆದವನ ಹೆಸರು, ಕೆಲವೊಮ್ಮೆ ಬರೆದವನ ಮತ್ತು ಕೆತ್ತಿದವನ ಹೆಸರು ಕೂಡ ಅಲ್ಲಿರುತ್ತದೆ. ಆದರೆ ಆ ಎಲ್ಲೆಯನ್ನು ನೆನಪಿನಲ್ಲಿಟ್ಟು ಕಾಪಾಡಿದವನು ಯಾರು? ಮೈಸೂರು ಕಮಿಷನ್ನಿನ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕೆಂಜಿ ಎಂಬವರು ೧೮೭೩ರ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟಿದ್ದಾರೆ. ಗ್ರಾಮಗಳ ಗಡಿಯ ವ್ಯಾಜ್ಯ ಬಂದಾಗ ಪ್ರಮಾಣ ಮಾಡಲು ಅರ್ಹನಾದವನು ಹೊರಕೇರಿಯ ಕುಳವಾಡಿಯೊಬ್ಬನೇ. ಅವನು ತನ್ನ ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೆಯಬೇಕು. ಸರಿಯಾದ ಎಲ್ಲೆಯಲ್ಲಿ ನಡೆದರೆ ಉಂಡೆಯು ನಿಲ್ಲುವುದು, ತಪ್ಪಿದರೆ ಒಡೆದುಹೋಗುವುದೆಂದು ಜನರ ನಂಬಿಕೆ. ತಪ್ಪಿ ನಡೆದ ಕುಳವಾಡಿಯು ಹದಿನೈದು ದಿನಗಳಲ್ಲಿ ಸಾಯುವನೆಂದೂ ಹೇಳುತ್ತಿದ್ದರು. ಊರಿನ ಒಂದು ಅಂಗೈಯಗಲ ನೆಲವೂ ತನ್ನದಲ್ಲದವನ ಮಾತಿನ ಮೇಲೆ ಇಡೀ ಊರಿನ ನೆಲವು ನಿಂತಿದ್ದಿತು. ಹೊರಕೇರಿಯವರೇ ಊರಿನ ಮೂಲ ಒಡೆಯರಾಗಿದ್ದಿರಬೇಕೆಂಬ ಊಹೆಗೆ ಇದು ಕಾರಣವಾಯಿತು. ಆ ಊಹೆಯು ಹೇಗಾದರೂ ಇರಲಿ, ಇಂಥ ಜ್ಞಾನವು ಒಂದು ದಿನದಲ್ಲಿ ಬರುವುದಲ್ಲ. ತಂದೆಯು ಮಗನನ್ನು ಕರೆದುಕೊಂಡು ಹೋಗಿ ಕಲ್ಲು, ಮರ, ಹಳ್ಳಗಳನ್ನು ತೋರಿಸಿಯೇ ಬರಬೇಕು. ಊರಿನ ಎಲ್ಲೆಯನ್ನು ತಲೆಮಾರುಗಳಿಂದ ಬಲ್ಲ ವಂಶವನ್ನು ಚರಿತ್ರೆಯಿಲ್ಲದ ವಂಶವೆಂದು ಹೇಗೆ ಕರೆಯಬಹುದು?

ಈ ನೆನಪಿನ ಸರಪಣಿಯು ಬಹುವಾಗಿ ಕಡಿದುಹೋದುದು ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ ೧೮೭೬ರಿಂದ ೧೮೭೮ರವರೆಗೆ. ೧೮೭೧ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯು ೫೦,೫೫,೪೧೨ ಆಗಿದ್ದಿತು. ೧೮೮೧ರಲ್ಲಿ ಎಣಿಸಿದಾಗ ೪೧,೮೬,೧೮೮ಕ್ಕೆ ಇಳಿದಿದ್ದಿತು. ಬೆಳೆಯಬೇಕಾಗಿದ್ದ ಸಂಖ್ಯೆಯು ಎಂಟೂವರೆ ಲಕ್ಷಕ್ಕೂ ಮೀರಿ ಕುಗ್ಗಿತು. ಆಳಿನ ಕೂಲಿಯು ಧಾನ್ಯರೂಪದ್ದಾಗಿದ್ದುದರಿಂದ ಮಳೆ ತಪ್ಪಿದ ವರ್ಷ ಕಣವೂ ಇಲ್ಲ, ಕೂಲಿಯೂ ಇಲ್ಲ. ರೈತನು ಎತ್ತನ್ನೂ ಒಡವೆಯನ್ನೂ ಮಾರಿ ಕೆಲವು ತಿಂಗಳು ಬದುಕಬಹುದು. ಆಳಿಗೆ ಮಾರಲು ಮೈಯ ಹೊರತು ಬೇರೇನೂ ಇಲ್ಲ. ಗಂಜಿಯ ಕೇಂದ್ರಗಳು ತೆರೆದವು, ರಸ್ತೆಗಳ ಕೆಲಸ ನಡೆಯಿತು. ಬೆಂಗಳೂರು ಮೈಸೂರು ರೈಲುದಾರಿಯ ಮಣ್ಣಿನ ಕೆಲಸವೂ ಬರಪರಿಹಾರವಾಗಿಯೇ ಆರಂಭವಾಯಿತು. ಹಸಿದವರು ಊರು ಬಿಟ್ಟು ನಡೆದರು. ನಡೆದವರಲ್ಲಿ ಎಷ್ಟೋ ಮಂದಿ ಮರಳಲಿಲ್ಲ. ಮುದುಕರು ಮೊದಲು ಸತ್ತರೆ ಅವರೊಡನೆ ಅವರು ಬಲ್ಲ ಹೆಸರುಗಳೂ ಸಾಯುತ್ತವೆ. ಆದುದರಿಂದಲೇ ಈ ಭಾಗದ ಎಷ್ಟೋ ಮನೆತನಗಳ ಕಥೆಯು ಧಾತು ವರ್ಷದ ಈಚೆಗೆ ಮಾತ್ರ ಸ್ಪಷ್ಟವಾಗುತ್ತದೆ.

ಊರು ಬಿಟ್ಟವರು ಹೋಗುವ ದಾರಿಗಳಲ್ಲಿ ಗುಂಡ್ಲುಪೇಟೆಯ ದಾರಿಯು ಮುಖ್ಯವಾದುದು. ಅಲ್ಲಿಂದ ಕಾಡು ದಾಟಿದರೆ ಒಂದು ಕಡೆ ನೀಲಗಿರಿ, ಇನ್ನೊಂದು ಕಡೆ ವೈನಾಡು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಅಲ್ಲಿ ಕಾಫಿಯ ತೋಟಗಳು ಎದ್ದವು. ಮೇಸ್ತ್ರಿಗಳು ಹಳ್ಳಿಗಳಿಗೆ ಬಂದು ಮುಂಗಡ ಕೊಟ್ಟು ಆಳುಗಳನ್ನು ಕರೆದೊಯ್ದರು. ೧೮೫೯ರ ಹದಿಮೂರನೆಯ ಕಾಯಿದೆಯ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟನು ಸೆರೆಮನೆಗೆ ಕಳುಹಿಸಬಹುದಾಗಿದ್ದಿತು. ಇಂಗ್ಲೆಂಡಿನಲ್ಲಿ ಕೂಲಿಯವನು ಕರಾರು ಮುರಿದುದನ್ನು ಅಪರಾಧವೆಂದೆಣಿಸುವ ಕಾನೂನು ೧೮೭೫ರಲ್ಲಿ ಕೊನೆಗೊಂಡಿತು. ಬ್ರಿಟಿಷ್ ಇಂಡಿಯದಲ್ಲಿ ಆ ಕಾಯಿದೆಯನ್ನು ರದ್ದುಮಾಡಲು ೧೯೨೫ನೆಯ ಇಸವಿಯವರೆಗೆ ಕಾಯಬೇಕಾಯಿತು. ಸಮೀಪದ ಕೊಳ್ಳೇಗಾಲವು ಆಗ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೂ, ವೈನಾಡು ಮಲಬಾರಿಗೂ ಸೇರಿದ್ದವು. ಹೀಗಾಗಿ ಒಂದೇ ಮನೆತನದ ಅಣ್ಣತಮ್ಮಂದಿರ ಸುಳಿವು ಎರಡು ಸರ್ಕಾರಗಳ ಕಾಗದಗಳಲ್ಲಿ ಹಂಚಿಹೋಗಿದೆ.

ಇನ್ನೂ ದೂರ ಹೋದವರಿದ್ದಾರೆ. ೧೮೬೦ರಲ್ಲಿ ಮದರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ಕರಾರಿನ ಕೂಲಿಗಳ ಮೊದಲನೆಯ ತಂಡವನ್ನು ದಕ್ಷಿಣ ಆಫ್ರಿಕದ ನೇಟಾಲಿಗೆ ಮುಟ್ಟಿಸಿತು. ೧೯೧೧ರವರೆಗೆ ಹೀಗೆ ಅಲ್ಲಿಗೆ ಹೋದವರು ಒಂದೂವರೆ ಲಕ್ಷಕ್ಕಿಂತ ಹೆಚ್ಚು. ಆ ಹಡಗುಗಳ ಪಟ್ಟಿಗಳಲ್ಲಿ ಪ್ರತಿಯೊಬ್ಬನ ಹೆಸರು, ತಂದೆಯ 
ಹೆಸರು, ವಯಸ್ಸು, ಜಾತಿ, ಜಿಲ್ಲೆ, ಗ್ರಾಮ, ಮೈಮೇಲಿನ ಮಚ್ಚೆಯವರೆಗೆ ಬರೆದಿದೆ. ಮೈಸೂರು ಎಂಬ ಜಿಲ್ಲೆಯ ಹೆಸರೂ ಅವುಗಳಲ್ಲಿದೆ. ಇದೂ ಕರುಣೆಯಲ್ಲ, ಓಡಿಹೋದರೆ ಹಿಡಿದು ತರಲು ಮಾಡಿದ ಗುರುತು. ಆದರೂ ವಿಧಿಯ ವೈಚಿತ್ರ್ಯವನ್ನು ನೋಡಬೇಕು: ಸಮುದ್ರ ದಾಟಿ ಕಬ್ಬಿನ ತೋಟದಲ್ಲಿ ದುಡಿದವನಿಗೆ ತಂದೆಯ ಹೆಸರು ಉಳಿಯಿತು, ಹುಟ್ಟೂರಿನಲ್ಲಿಯೇ ಉಳಿದು ತಂದೆಯ ಗುಡಿಸಲಿನಲ್ಲಿಯೇ ಬಾಳಿದವನಿಗೆ ಉಳಿಯಲಿಲ್ಲ.

ಬರಹವು ಮಾಡದ ಕೆಲಸವನ್ನು ಬಾಯಿಯೂ ಭಕ್ತಿಯೂ ಸ್ವಲ್ಪಮಟ್ಟಿಗೆ ಮಾಡಿದವು. ಈ ಸೀಮೆಯಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಆದಕಾರಣ ಇಂದಿನ ಹಿರಿಯರ ಹೆಸರುಗಳಲ್ಲಿಯೇ ಒಂದು ತಲೆ ಬಿಟ್ಟು ಒಂದರಂತೆ ಹಿಂದಿನವರು ಅಡಗಿದ್ದಾರೆ. ಹೆಸರು ಮನೆದೇವರನ್ನೂ ಸೂಚಿಸುತ್ತದೆ. ಮಾದ, ಮಾದಿ ಎಂದರೆ ಮಲೆಯ ಮಾದೇಶ್ವರನ ಒಕ್ಕಲು. ನಂಜ, ನಂಜಿ ಎಂದರೆ ನಂಜುಂಡೇಶ್ವರನ ಕಡೆಯವರು. ರಂಗನೆಂದರೆ ಬಿಳಿಗಿರಿಯ ಸ್ವಾಮಿಯ ನೆನಪು. ರಾಚ, ಸಿದ್ದ ಎಂಬ ಹೆಸರುಗಳು ಮಂಟೇಸ್ವಾಮಿಯ ಶಿಷ್ಯರಾದ ರಾಚಪ್ಪಾಜಿ, ಸಿದ್ದಪ್ಪಾಜಿಗಳವು. ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯೆಲ್ಲ ಹಾಡುವ ನೀಲಗಾರರು ದೀಕ್ಷೆ ಪಡೆದವರು. ಯಾರ ಮಗ, ಯಾವ ಮನೆಯವನು ಎಂಬುದನ್ನು ಗುರುಮನೆಯು ಬಲ್ಲದು. ಚಿಕ್ಕಲ್ಲೂರಿನ ಜಾತ್ರೆಗೆ ಬನದ ಹುಣ್ಣಿಮೆಯಲ್ಲಿ ಒಂದೊಂದು ಕುಟುಂಬವೂ ತನ್ನ ಹಿರಿಯರು ಹೋದಂತೆಯೇ ಹೋಗುತ್ತದೆ. ಕೊಡಗಿಗೋ ನೀಲಗಿರಿಗೋ ಹೋಗಿ ನೆಲೆಸಿದ ದಾಯಾದಿಗಳು ಕೂಡ ಅಲ್ಲಿ ಕಲೆಯುತ್ತಾರೆ. ಇಂಗ್ಲೆಂಡಿನಲ್ಲಿ ಪ್ಯಾರಿಷ್ಷಿನ ಪುಸ್ತಕವು ಹೇಗೋ ಇಲ್ಲಿ ಜಾತ್ರೆಯು ಹಾಗೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮುದುಕಿಯೊಬ್ಬಳು ಸತ್ತವರನ್ನು ಹೆಸರು ಹಿಡಿದು ಕರೆಯುವುದೂ ಮಂತ್ರವಿಲ್ಲದ ತರ್ಪಣವೇ ಸರಿ.

ಇಪ್ಪತ್ತನೆಯ ಶತಮಾನದಲ್ಲಿ ಶಾಲೆಯ ದಾಖಲೆಪುಸ್ತಕವು ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಊರಹೊರಗಿನ ಕೇರಿಯ ಮಕ್ಕಳಿಗೂ ಸರ್ಕಾರಿ ಶಾಲೆಗಳ ಬಾಗಿಲು ತೆರೆಯಿತು. ಹಾಗೆ ಮೊದಲ ಬಾರಿಗೆ ಸೇರಿದ ಮಗುವಿನ ಹೆಸರಿನ ಮುಂದೆ ತಂದೆಯ ಹೆಸರು ಶಾಯಿಯಲ್ಲಿ ಬರೆಯಲ್ಪಟ್ಟಿತು. ಹುಟ್ಟಿದ ದಿನವನ್ನು ಉಪಾಧ್ಯಾಯರು ಅಂದಾಜಿನಿಂದ ಬರೆದುದೇ ಹೆಚ್ಚು. ಆದರೆ ತಂದೆಯ ಹೆಸರು ಅಂದಾಜಿನದಲ್ಲ. ಸಾಲಕ್ಕಾಗಿಯೂ ಅಲ್ಲದೆ, ಹೊರಗಟ್ಟುವುದಕ್ಕಾಗಿಯೂ ಅಲ್ಲದೆ, ಆಳಿನ ಮಗನ ಹೆಸರನ್ನು ಅವನ ಹಿತಕ್ಕಾಗಿಯೇ ಬರೆದ ಮೊದಲ ಪುಸ್ತಕವು ಇದೆಂದು ಹೇಳಬಹುದು.

ಈ ವಿಚಾರವೆಲ್ಲವೂ ಕೇವಲ ಹಳೆಯ ಕುತೂಹಲಕ್ಕೆ ಸಂಬಂಧಿಸಿದುದೆಂದು ತಿಳಿಯಬಾರದು. ಸ್ವಾತಂತ್ರ್ಯಾನಂತರದ ಕಾನೂನುಗಳು ವಂಶಾವಳಿಯನ್ನು ಅನ್ನದ ಪ್ರಶ್ನೆಯನ್ನಾಗಿ ಮಾಡಿವೆ. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿಯ ಕಾಯಿದೆಯಿಂದ ತೋಟಿ, ತಳವಾರ, ನೀರುಗಂಟಿಗಳ ಚಾಕರಿಯ ನೆಲವನ್ನು ಅವರಿಗೇ ಮರಳಿ ಮಂಜೂರು ಮಾಡುವ ಅವಕಾಶವಾಯಿತು. ೧೯೭೪ರ ಭೂಸುಧಾರಣೆಯು ಗೇಣಿದಾರನಿಗೆ ನೆಲವನ್ನು ಕೊಟ್ಟಿತು. ಗೇಣಿಯ ಕರಾರಿಲ್ಲದೆ ಬರಿಯ ಆಳಾಗಿ ದುಡಿದವನಿಗೆ ಆ ಹಕ್ಕು ದೊರೆಯಲಿಲ್ಲ. ೧೯೭೫ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಿಂದ ಜೀತಪದ್ಧತಿಯು ರದ್ದಾಗಿ, ೧೯೭೬ರಲ್ಲಿ ಅದೇ ಕಾಯಿದೆಯಾಯಿತು. ತಂದೆಯ ಸಾಲವು ಮಗನ ಕೊರಳಿಗೆ ಬೀಳುವುದು ಅಂದಿಗೆ ಕಾನೂನಿನಲ್ಲಿ ಕೊನೆಗೊಂಡಿತು. ೧೯೭೮ರ ಕಾಯಿದೆಯು ಪರಿಶಿಷ್ಟರಿಗೆ ಸರ್ಕಾರವು ಕೊಟ್ಟ ನೆಲವು ಕರಾರಿಗೆ ವಿರೋಧವಾಗಿ ಪರರ ಪಾಲಾಗಿದ್ದರೆ ಅದನ್ನು ಮೂಲದವನಿಗೋ ಅವನ ವಾರಸುದಾರರಿಗೋ ಮರಳಿ ಕೊಡಿಸುವ ದಾರಿಯನ್ನು ಮಾಡಿತು. ವಾರಸುದಾರನೆಂದು ಹೇಳಿಕೊಳ್ಳಲು ವಂಶವೃಕ್ಷ ಬೇಕು. ಯಾರ ಮುತ್ತಾತನ ಹೆಸರನ್ನು ಯಾರೂ ಬರೆಯಲಿಲ್ಲವೋ ಅವನ ಮರಿಮಗನನ್ನು ಕಛೇರಿಯು ಇಂದು ಮುತ್ತಾತನ ಹೆಸರೇನೆಂದು ಕೇಳುತ್ತದೆ. ಹಿಂದಿನವರ ಮೌನವು ಹೀಗೆ ಇಂದಿನವರ ನಷ್ಟವಾಗಿ ಪರಿಣಮಿಸುತ್ತದೆ.

ಇಂಥ ಸ್ಥಿತಿಯಲ್ಲಿ ವಿದ್ಯಾವಂತರ ಮನೆಗಳಿಗೆ ಒಂದು ಕರ್ತವ್ಯವಿದೆ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಭಾಗಗಳ ಎಷ್ಟೋ ಹಳೆಯ ಮನೆಗಳ ಅಟ್ಟದ ಮೇಲೆ ಕಡತಗಳೂ, ಸಾಲದ ಪತ್ರಗಳೂ, ಆಳಿನ ಲೆಕ್ಕದ ಪುಸ್ತಕಗಳೂ ಗೆದ್ದಲು ಹಿಡಿಯುತ್ತಿರುತ್ತವೆ. ಮನೆ ಕೆಡವಿ ಕಟ್ಟುವಾಗ ಅವು ಒಲೆಗೋ ತಿಪ್ಪೆಗೋ ಹೋಗುತ್ತವೆ. ತಮ್ಮ ಮನೆತನದ ಹೆಸರಿಗೆ ಸಂಬಂಧಿಸಿದ ಸನ್ನದನ್ನು ಜೋಪಾನವಾಗಿಡುವವರು, ತಮ್ಮ ಮನೆಗೆ ದುಡಿದವನ ಹೆಸರಿರುವ ಹಾಳೆಯನ್ನು ಕಸವೆಂದೆಣಿಸಬಾರದು. ಅದು ಅವರ ಪಾಲಿಗೆ ತೀರಿದ ಲೆಕ್ಕ. ಕೇರಿಯ ಒಂದು ಮನೆಯ ಪಾಲಿಗೆ ಅದು ಏಕಮಾತ್ರ ಶಾಸನ. ಆ ಹಾಳೆಯನ್ನು ತೆಗೆದು, ಓದಿ, ನಕಲು ಮಾಡಿ ಆ ಮನೆಯವರ ಕೈಗೆ ಕೊಡುವುದು ದಾನವೂ ಅಲ್ಲ, ಉಪಕಾರವೂ ಅಲ್ಲ. ಪಿತೃ, ದೇವ, ಋಷಿಗಳಿಗೆ ಸಲ್ಲಬೇಕಾದ ಋಣಗಳನ್ನು ಶಾಸ್ತ್ರವು ಎಣಿಸಿದೆ. ಉತ್ತವನ ಋಣವನ್ನು ಅದರೊಡನೆ ಸೇರಿಸಿ ಎಣಿಸಿಕೊಳ್ಳುವುದು ಉಂಡವರ ಧರ್ಮ.

ಕೇರಿಗಳಲ್ಲಿ ಎಂಬತ್ತು ತೊಂಬತ್ತು ವಯಸ್ಸಿನ ಹಿರಿಯರು ಇನ್ನೂ ಕೆಲವರಿದ್ದಾರೆ. ಜೀತಕ್ಕಿದ್ದವರನ್ನು ಕಂಡವರು, ಧಾತುವಿನ ಬರವನ್ನು ಕಂಡವರ ಬಾಯಿಂದಲೇ ಕಥೆ ಕೇಳಿದವರನ್ನು ಬಲ್ಲವರು ಅವರೇ ಕೊನೆಯವರು. ಅವರ ಮೊಮ್ಮಕ್ಕಳು ಈಗ ಓದು ಬಲ್ಲವರಾಗಿದ್ದಾರೆ. ಒಂದು ಹಾಳೆಯನ್ನು ತೆಗೆದುಕೊಂಡು ತಾತನ ಹೆಸರು, ತಾತನ ತಂದೆಯ ಹೆಸರು, ಅವರ ಹೆಂಡಂದಿರ ಹೆಸರು, ಬಂದ ಊರು, ನಡೆದುಕೊಂಡ ಮನೆ, ಮನೆದೇವರು ಇಷ್ಟನ್ನು ಕೇಳಿ ಬರೆದರೆ ಸಾಕು. ಉಮ್ಮತ್ತೂರಿನ ಒಡೆಯರ ವಂಶಾವಳಿಯನ್ನು ತಿಳಿಯಲು ವಿದ್ವಾಂಸರು ಕಲ್ಲುಗಳನ್ನು ತೊಳೆದು ಓದಿದರು. ಉಮ್ಮತ್ತೂರಿನ ಆಳಿನ ವಂಶಾವಳಿಯನ್ನು ತಿಳಿಯಲು ಅಷ್ಟು ಶ್ರಮವೂ ಬೇಡ. ಜಗಲಿಯ ಮೇಲೆ ಕುಳಿತ ಹಿರಿಯರನ್ನು ಮಾತನಾಡಿಸಿದರಾಯಿತು. ಕಲ್ಲು ಕಾಯುತ್ತದೆ, ಮನುಷ್ಯನು ಕಾಯುವುದಿಲ್ಲ.